ಮನೆಯಲ್ಲಿ 156ಕ್ಕೆ ಬರುವ ಬಿಟ್ ಸ್ಟೇಜಿನಲ್ಲಿ 148ಕ್ಕೇ ಬಿದ್ದದ್ದೇಕೆ?

ಹಾಸನದ ಒಂದು ಆರ್ಕೆಸ್ಟ್ರಾ ತಂಡದ ಲೀಡ್ ಗಿಟಾರಿಸ್ಟ್ ಒಬ್ಬರ ಪ್ರಕರಣ ಇದು. ಹೆಸರು, ತಂಡ, ಕಾರ್ಯಕ್ರಮ ನಡೆದ ಊರುಗಳು ಗುರುತು ಸಿಗದ ಹಾಗೆ ಇಟ್ಟಿದ್ದೇವೆ. ಆರೂವರೆ ಸೆಕೆಂಡಿನ ಒಂದು ಬಿಟ್ (ಹಾಡಿನ ನಡುವೆ ಬರುವ ವಾದ್ಯದ ತುಣುಕು) ಮೂರು ಕಾರ್ಯಕ್ರಮಗಳಲ್ಲಿ ಮೂರು ಬಗೆಯಲ್ಲಿ ಕೆಟ್ಟಿತು. ಅದನ್ನು ಸರಿಮಾಡಲು ಮೊದಲು ಮಾಡಿದ ಮೂರು ಕೆಲಸಗಳೂ ತಪ್ಪಾಗಿದ್ದವು. ಕಲಿಯುವುದಕ್ಕೆ ಹೆಚ್ಚು ಸಿಗುವುದು ಆ ತಪ್ಪುಗಳಲ್ಲೇ.

ಹಿನ್ನೆಲೆ

ಏಳು ಜನರ ತಂಡ: ಇಬ್ಬರು ಗಾಯಕರು, ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ-ಢೋಲಕ್, ಬೇಸ್, ಲೀಡ್. ಗಣೇಶನ ಪೆಂಡಾಲಿನಿಂದ ಶುರುವಾಗಿ ರಾಜ್ಯೋತ್ಸವ ದಾಟಿ ಸಂಕ್ರಾಂತಿವರೆಗೆ ಇವರ ಸೀಸನ್. ಗಿಟಾರಿಸ್ಟ್ ಹಗಲು ಬೇರೆ ಕೆಲಸ ಮಾಡುವವರು. ನುಡಿಸಲು ಹಿಡಿದು ಎಂಟು ವರ್ಷವಾಗಿದೆ. ಎಲೆಕ್ಟ್ರಿಕ್ ಗಿಟಾರ್, 10-46 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ), 0.73 ಮಿ.ಮೀ. ಪಿಕ್. ಆಂಪ್ಲಿಫೈಯರ್ ಇಲ್ಲ; ಪ್ರೊಸೆಸರಿನಿಂದ (ಗಿಟಾರಿನ ಸದ್ದಿಗೆ ಎಫೆಕ್ಟ್ ಕೊಡುವ ಪೆಟ್ಟಿಗೆ) ವೈರು ನೇರ ಮಿಕ್ಸರಿಗೆ. ನಮ್ಮ ಕಡೆಯ ಬಹುಪಾಲು ಆರ್ಕೆಸ್ಟ್ರಾ ಗಿಟಾರಿಸ್ಟರ ವ್ಯವಸ್ಥೆ ಇಷ್ಟೇ.

ತೊಂದರೆ ಕೊಟ್ಟದ್ದು ಒಂದು ಚಿತ್ರಗೀತೆಯ ಎರಡನೇ ಚರಣಕ್ಕೆ ಮೊದಲು ಬರುವ ಬಿಟ್. ವೇಗ 148 ಬಿಪಿಎಂ, ಅಂದರೆ ನಿಮಿಷಕ್ಕೆ 148 ಬೀಟ್; ನಾಲ್ಕು ಬೀಟಿನ ನಾಲ್ಕು ಬಾರ್, ಬೀಟಿಗೆ ನಾಲ್ಕು ಸ್ವರ. ಒಟ್ಟು 64 ಸ್ವರ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು. ಒಂದೊಂದು ಸ್ವರಕ್ಕೆ ಸಿಗುವುದು ಸುಮಾರು 101 ಮಿಲಿಸೆಕೆಂಡು. ಮೊದಲ ಎರಡು ಬಾರ್ ಸಲೀಸು. ಮೂರನೆಯದು 12ನೇ ಫ್ರೆಟ್ಟಿನ (ಗಿಟಾರಿನ ಕೊರಳ ಮೇಲಿನ ಅಡ್ಡ ಲೋಹದ ಪಟ್ಟಿ) ಆಸುಪಾಸಿನಲ್ಲಿ, ಅತಿ ತೆಳುವಾದ ಒಂದನೇ ತಂತಿಯಿಂದ ನಾಲ್ಕನೆಯದರವರೆಗೆ ತಂತಿಗೆ ಮೂರು ಸ್ವರದಂತೆ ಇಳಿದು, ಐದನೇ ತಂತಿಯಲ್ಲಿ ನಾಲ್ಕು ಸ್ವರ ಹೊಡೆದು ಮುಗಿಯುತ್ತದೆ. ನಾಲ್ಕನೇ ಬಾರ್ ಮತ್ತೆ ಮೇಲೆ ಹತ್ತಿ, ಗಾಯಕಿ ಎತ್ತಿಕೊಳ್ಳುವ ಸ್ವರಕ್ಕೆ ಬಂದು ನಿಲ್ಲುತ್ತದೆ.

ಮನೆಯಲ್ಲಿ ಮೆಟ್ರೊನೋಮ್ (ಬೀಟ್ ಎಣಿಸಿಕೊಡುವ ಸಾಧನ) ಇಟ್ಟು 156ರವರೆಗೆ ಸ್ಪಷ್ಟವಾಗಿ ಬರುತ್ತಿತ್ತು. ಹಾಗಾಗಿ 148ರ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ.

ಕೆಟ್ಟದ್ದು ಹೇಗೆ

ಮೊದಲ ಕಾರ್ಯಕ್ರಮದಲ್ಲಿ ಬಿಟ್ ಓಡಿತು. ನಾಲ್ಕನೇ ಬಾರ್ ಅರ್ಧ ಬೀಟ್ ಮುಂಚೆಯೇ ಮುಗಿಯಿತು. ಗಾಯಕಿ ಕೊನೆಯ ಸ್ವರವನ್ನೇ ನಂಬಿ ಚರಣ ಎತ್ತಿದರು. ರಿದಮ್‌ನವರು ತಮ್ಮ ಲೆಕ್ಕದಲ್ಲೇ ಇದ್ದರು. ಎರಡು ಸಾಲು ಹಾಡು ಕುಂಟಿತು. ಎರಡನೆಯದರಲ್ಲಿ ಮೂರನೇ ಬಾರಿನ ಮೊದಲ ತಂತಿ ಬದಲಾವಣೆಯಲ್ಲೇ ಪಿಕ್ ಒಂದನೇ ತಂತಿಗೆ ಸಿಕ್ಕಿಕೊಂಡು ಬಿಟ್ ಅಲ್ಲಿಗೇ ನಿಂತಿತು. ಮೂರನೆಯದು ವಿಚಿತ್ರ. ಗಿಟಾರಿಸ್ಟ್ ಪ್ರಕಾರ ಎಲ್ಲ ಸ್ವರಗಳೂ ಬಂದಿದ್ದವು. ಮೊಬೈಲ್ ರೆಕಾರ್ಡಿಂಗಿನಲ್ಲಿ ಮಾತ್ರ ಕೇಳುವುದು ಜೇನುನೊಣದ ಗುಂಯ್‌ಗುಟ್ಟುವಿಕೆ, ಒಂದು ಸ್ವರವೂ ಬಿಡಿಯಾಗಿಲ್ಲ.

ಮೊದಲು ಮಾಡಿದ್ದು

ಯಾರಾದರೂ ಮಾಡುವಂತೆ ಇವರೂ ಸಾಧನೆ ಹೆಚ್ಚಿಸಿದರು. ದಿನಕ್ಕೆ ಎರಡು ಗಂಟೆ, ಅದೇ ಬಿಟ್, ವೇಗ ಏರಿಸುತ್ತ ಏರಿಸುತ್ತ. ಮೂರು ವಾರದಲ್ಲಿ ಮನೆಯ ವೇಗ 160 ಆಯಿತು, ಬಲ ಮುಂಗೈಯಲ್ಲಿ ನೋವೂ ಕಾಣಿಸಿತು. ಹತ್ತು ದಿನ ಗಿಟಾರ್ ಮುಟ್ಟದೆ ಇರಬೇಕಾಯಿತು. (ಬರೀ ಆಯಾಸವಾದರೆ ವಿಶ್ರಾಂತಿ ಸಾಕು. ಬೆರಳು ಜೋಮು ಹಿಡಿದರೆ ಅಥವಾ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ವೈದ್ಯರನ್ನೇ ಕಾಣಬೇಕು. ಅದರಲ್ಲಿ ಗಂಡಸ್ತನ ತೋರಿಸುವುದಕ್ಕೆ ಏನೂ ಇಲ್ಲ.)

ಆಮೇಲೆ ತಂತಿ ಬದಲಿಸಿದರು: 10ರ ಬದಲು 9-42. ತೆಳು ತಂತಿ, ಕಡಿಮೆ ಶ್ರಮ ಎಂಬ ಲೆಕ್ಕ. ತಂತಿಗಳ ಒಟ್ಟು ಎಳೆತ ತಗ್ಗಿದ್ದರಿಂದ ನೆಕ್ ನೆಟ್ಟಗಾಗಿ ಕೆಳಗಿನ ಫ್ರೆಟ್ಟುಗಳಲ್ಲಿ ತಂತಿ ತಾಗಿ ಜಿರ್‌ಗುಟ್ಟಲು ಶುರುವಾಯಿತು. ಟ್ರಸ್ ರಾಡ್, ಅಂದರೆ ನೆಕ್ಕಿನ ಒಳಗೆ ಅದರ ಬಾಗು ಸರಿಮಾಡುವ ಕಂಬಿ, ತುಸು ಸಡಿಲಿಸಬೇಕಾಯಿತು. ಸ್ಟೇಜಿನ ಗಾಬರಿಯಲ್ಲಿ ಎಡಗೈ ಬಿಗಿಯಾಗಿ ಒತ್ತಿದಾಗ ತೆಳು ತಂತಿ ಬಾಗಿ ಶ್ರುತಿ ಮೇಲೆ ಹೋಗುತ್ತಿತ್ತು. ಒಂದು ತೊಂದರೆಗೆ ಎರಡಾದವು.

ಮೂರನೆಯದಾಗಿ ಡಿಸ್ಟಾರ್ಷನ್ನಿನ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಗೇನ್, ಅಂದರೆ ಅದರ ತೀವ್ರತೆ, ಏರಿಸಿದರು. ಗೇನ್ ಹೆಚ್ಚಿದ್ದರೆ ಪಿಕ್ ಹಗುರವಾಗಿ ತಾಗಿದರೂ ಸ್ವರ ಎದ್ದು ಬರುತ್ತದೆ, ನಿಜ. ಆದರೆ ನುಡಿಸದೇ ಇರುವ ತಂತಿಗಳ ಸದ್ದೂ ಅಷ್ಟೇ ಎದ್ದು ಬರುತ್ತದೆ. ಮಲಗುವ ಕೋಣೆಯಲ್ಲಿ ಕೇಳದ ಆ ಕಸ ದೊಡ್ಡ ಬಾಕ್ಸುಗಳಲ್ಲಿ ಸ್ವರದಷ್ಟೇ ದಪ್ಪವಾಗುತ್ತದೆ. ಮೂರನೇ ಕಾರ್ಯಕ್ರಮದ ಗುಂಯ್‌ಗುಟ್ಟುವಿಕೆಯ ಅರ್ಧ ಕಾರಣ ಇದು. ಉಳಿದರ್ಧ ಲೀಡ್ ಪ್ಯಾಚಿನಲ್ಲಿದ್ದ (ಪ್ರೊಸೆಸರಿನಲ್ಲಿ ಉಳಿಸಿಟ್ಟ ಸದ್ದಿನ ಜೋಡಣೆ) 380 ಮಿಲಿಸೆಕೆಂಡಿನ ಡಿಲೇ, ಅಂದರೆ ಸ್ವರವನ್ನು ತಡವಾಗಿ ಮತ್ತೆ ಕೇಳಿಸುವ ಎಫೆಕ್ಟ್: ಪ್ರತಿ ಸ್ವರದ ನೆರಳು ಹೆಚ್ಚುಕಡಿಮೆ ಮುಂದಿನ ನಾಲ್ಕನೇ ಸ್ವರದ ಮೇಲೆ ಬೀಳುತ್ತಿತ್ತು.

ಎರಡು ವಿಡಿಯೊ

ತಿರುವು ಬಂದದ್ದು ಸಾಧನೆಯಿಂದಲ್ಲ, ಕೀಬೋರ್ಡ್‌ನವರು ಕೊಟ್ಟ ಒಂದು ಸಲಹೆಯಿಂದ. ಸ್ಟೇಜಿನಲ್ಲಿ ಮೊಬೈಲನ್ನು ಮೈಕ್ ಸ್ಟ್ಯಾಂಡಿಗೆ ಕಟ್ಟಿ ಗಿಟಾರಿಸ್ಟರ ಎರಡೂ ಕೈ ಕಾಣುವಂತೆ ವಿಡಿಯೊ ಮಾಡಿದರು. ಮನೆಯಲ್ಲೂ ಅದೇ ಕೋನದಿಂದ ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮೊದಲು ಕಂಡದ್ದು ಸ್ಟ್ರ್ಯಾಪ್. ಮನೆಯಲ್ಲಿ ಅವರು ಮಂಚದ ಅಂಚಿನಲ್ಲಿ ಕೂತು ನುಡಿಸುತ್ತಿದ್ದರು. ಗಿಟಾರ್ ಎದೆಯ ಕೆಳಗೇ ಇತ್ತು. ಸ್ಟೇಜಿನಲ್ಲಿ ಅದು ಅರ್ಧ ಗೇಣಿಗಿಂತ ಹೆಚ್ಚು ಕೆಳಗೆ ತೂಗುತ್ತಿತ್ತು. ಅಷ್ಟಕ್ಕೇ ಎಡ ಮಣಿಕಟ್ಟು ಒಳಮುಖವಾಗಿ ಮಡಿಚಿ, ಕಿರುಬೆರಳು ಮೂರನೇ ಬಾರಿನ ಮೊದಲ ಸ್ವರಕ್ಕೆ ಚಾಚಿಕೊಂಡು ತಲುಪಬೇಕಿತ್ತು. ಒಂದೇ ಬಿಟ್ ಅನ್ನು ಅವರು ಎರಡು ಬೇರೆ ಗಿಟಾರುಗಳಲ್ಲಿ ನುಡಿಸುತ್ತಿದ್ದರು ಅನ್ನಬಹುದು.

ಪಿಕ್ ಕೂಡ ಬೇರೆಯಾಗಿತ್ತು. ಮನೆಯಲ್ಲಿ ಹೆಬ್ಬೆರಳಿನಿಂದ ಹೊರಗೆ 3-4 ಮಿ.ಮೀ. ಮಾತ್ರ ಚಾಚಿದ್ದ ತುದಿ, ಸ್ಟೇಜಿನಲ್ಲಿ ಅದರ ಎರಡರಷ್ಟು. ಬೆವರಿಗೆ ಜಾರುತ್ತಿದ್ದ ಪಿಕ್ಕನ್ನು ಅವರು ಗಟ್ಟಿಯಾಗಿ ಹಿಡಿಯುತ್ತಿದ್ದರು, ಹಿಡಿದಷ್ಟೂ ಮುಂಗೈ ಬಿಗಿಯುತ್ತಿತ್ತು. ಜೋರಾಗಿ ಹೊಡೆದಾಗ 0.73ರ ಪಿಕ್ ಬಾಗಿ, ನೆಟ್ಟಗಾಗಲು ಸಮಯ ತಿನ್ನುತ್ತಿತ್ತು.

ಮೂರನೇ ಕಾರಣ ವಿಡಿಯೊದಲ್ಲಿ ಕಾಣಲಿಲ್ಲ, ಜಾಗ ಅಳೆದಾಗ ಸಿಕ್ಕಿತು. ಓಡಿಹೋದ ಆ ಮೊದಲ ಕಾರ್ಯಕ್ರಮ ಬಸ್ ನಿಲ್ದಾಣದ ಹತ್ತಿರದ ಒಂದು ರಸ್ತೆಯಲ್ಲಿ ನಡೆದಿತ್ತು. ಸ್ಟೇಜಿನ ಮೇಲೆ ಇದ್ದದ್ದು ಎರಡೇ ಮಾನಿಟರ್ (ಸ್ಟೇಜಿನ ಮೇಲಿರುವವರಿಗೇ ಕೇಳಲು ಇಡುವ ಸ್ಪೀಕರ್), ಎರಡೂ ಗಾಯಕರ ಮುಂದೆ. ಗಿಟಾರಿಸ್ಟ್ ಹಿಂದಿನ ಮೂಲೆಯಲ್ಲಿ ರಿದಮ್ ಪ್ಯಾಡಿನ ಪಕ್ಕ. ಮಾನಿಟರ್ ಕೇಳಿದ್ದಕ್ಕೆ ಸೌಂಡ್‌ನವರ ಉತ್ತರ, "ಅಣ್ಣ, ಮೇನ್‌ನಲ್ಲಿ ಸಖತ್ತಾಗ್ ಕೇಳ್ತಾ ಇದೆ, ನಿಮಗ್ಯಾಕೆ ಮಾನಿಟ್ರು?" ಅವರ ದೃಷ್ಟಿಯಿಂದ ಸರಿಯೇ. ಆದರೆ ಮೇನ್ ಬಾಕ್ಸುಗಳು ಜನರತ್ತ ಮುಖ ಮಾಡಿದ್ದವು. ಅವುಗಳ ಸದ್ದು ಸುಮಾರು 20 ಮೀಟರ್ ದೂರದ ಕಾಂಪ್ಲೆಕ್ಸ್ ಗೋಡೆಗೆ ಬಡಿದು, 25 ಮೀಟರ್ ವಾಪಸ್ ಬಂದು ಗಿಟಾರಿಸ್ಟರ ಕಿವಿ ಸೇರುತ್ತಿತ್ತು. 45 ಮೀಟರ್ ಹಾದಿಗೆ ಸದ್ದು ತೆಗೆದುಕೊಳ್ಳುವುದು ಸುಮಾರು 130 ಮಿಲಿಸೆಕೆಂಡು. ಒಂದು ಸ್ವರದ ಪಾಲು 101. ಅಂದರೆ ಅವರಿಗೆ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಆಗಲೇ ನುಡಿಸಿ ಮುಗಿದಿದ್ದ ಸ್ವರ. ಕಿವಿ 'ಹಿಂದೆ ಬಿದ್ದಿದ್ದೀಯ' ಅನ್ನುತ್ತಿತ್ತು, ಕೈ ಓಡುತ್ತಿತ್ತು. ಅರ್ಧ ಬೀಟ್ ಮುಂಚೆ ಮುಗಿದದ್ದು ಹೀಗೆ.

ಇಷ್ಟರ ಮೇಲೆ ಹಾಡಿನ ವೇಗವೂ 148 ಆಗಿರಲಿಲ್ಲ. ಮಿಕ್ಸರಿನಿಂದ ತೆಗೆದ ರೆಕಾರ್ಡಿಂಗ್ ಅಳೆದರೆ, 148ಕ್ಕೆ ಶುರುವಾದ ಹಾಡು ಎರಡನೇ ಬಿಟ್ಟಿಗೆ ಬರುವಷ್ಟರಲ್ಲಿ 155 ಮುಟ್ಟಿತ್ತು. ಜನ ಶಿಳ್ಳೆ ಹೊಡೆದಾಗ ಕೈಯಿಂದ ನುಡಿಸುವ ರಿದಮ್ ಏರುವುದು ಸಹಜ. ಆಗ ಮನೆಯ ಗರಿಷ್ಠ 156. ಹಾಗಾದರೆ ಉಳಿತಾಯ ಅಂತ ಇದ್ದದ್ದು ಒಂದು ಅಂಕಿ.

ದುರಸ್ತಿ

ಸ್ಟ್ರ್ಯಾಪನ್ನು ಕೂತಾಗಿನ ಎತ್ತರಕ್ಕೇ ಗಿಟಾರ್ ನಿಲ್ಲುವಷ್ಟು ಗಿಡ್ಡ ಮಾಡಿ, ಬಕಲ್ ಜಾಗಕ್ಕೆ ಬಿಳಿ ದಾರದ ಹೊಲಿಗೆ ಹಾಕಿದರು. ಅಂದಿನಿಂದ ಮನೆಯಲ್ಲೂ ನಿಂತೇ ಸಾಧನೆ. ಮೊದಲ ವಾರ ವೇಗ 142ಕ್ಕೆ ಬಿತ್ತು. ಬೇಸರ ತರಿಸುವ ಅಂಕಿ, ಆದರೆ ಇಷ್ಟು ದಿನ ಸ್ಟೇಜಿನ ಮೇಲಿದ್ದ ನಿಜವಾದ ವೇಗ ಅದೇ. ಪಿಕ್ 1.14 ಮಿ.ಮೀ. ಆಯಿತು, ಚೂಪು ತುದಿಯದ್ದು. ತಂತಿ ಮತ್ತೆ 10-46. ಟ್ರಸ್ ರಾಡ್ ಮತ್ತೆ ಮೊದಲಿನಂತೆ.

ಪಿಕ್ ಸಿಕ್ಕಿಕೊಳ್ಳುವುದಕ್ಕೆ ಮದ್ದು ಬೆರಳಿನ ವೇಗದಲ್ಲಿ ಇರಲಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವರು ಪಿಕ್ಕನ್ನು ತುಸು ವಾಲಿಸಿ ಹಿಡಿಯುತ್ತಾರೆ. ಮೇಲ್ಮುಖ ಹೊಡೆತದಲ್ಲಿ ಅದು ತಂತಿಗಳಿಂದ ಗಾಳಿಗೆ ಏಳುತ್ತದೆ, ಕೆಳಮುಖ ಹೊಡೆತದಲ್ಲಿ ತಂತಿಗಳ ನಡುವೆ ಇಳಿಯುತ್ತದೆ. ಹಾಗಾಗಿ ಮೇಲ್ಮುಖ ಹೊಡೆತ ಆದ ಮೇಲೆ ತಂತಿ ಬದಲಿಸುವುದು ಸುಲಭ, ಕೆಳಮುಖದ ನಂತರ ಕಷ್ಟ. ತಂತಿಗೆ ಎರಡೋ ನಾಲ್ಕೋ ಸ್ವರ ಇದ್ದರೆ ಕೆಳಗೆ-ಮೇಲೆ ಲೆಕ್ಕ ಸರಿಹೋಗುತ್ತದೆ. ಮೂರು ಸ್ವರ ಇದ್ದರೆ ಕೆಳಗೆ-ಮೇಲೆ-ಕೆಳಗೆ ಆಗಿ, ಪಿಕ್ ಒಂದನೇ ತಂತಿಯ ಆಚೆ ನೆಲದ ಕಡೆ ಉಳಿದುಬಿಡುತ್ತದೆ. ಎರಡನೇ ತಂತಿಗೆ ಬರಬೇಕಾದರೆ ಒಂದನೆಯದನ್ನು ಹಾರಿಯೇ ಬರಬೇಕು. ಮನೆಯಲ್ಲಿ ಮಣಿಕಟ್ಟು ಸಡಿಲ ಇದ್ದಾಗ ಒಂದು ಸಣ್ಣ ತಿರುವಿನಿಂದ ಹಾರಿಬಿಡುತ್ತಿತ್ತು. ಮುಂಗೈ ಬಿಗಿದ ದಿನ ಹಾರಲಿಲ್ಲ.

ಮಾಡಿದ ಬದಲಾವಣೆ ಚಿಕ್ಕದು. ಇಳಿಯುವ ಮೂರು ಸ್ವರಗಳಲ್ಲಿ ನಡುವಿನದನ್ನು ಪಿಕ್‌ನಿಂದ ಹೊಡೆಯದೆ ಪುಲ್-ಆಫ್ ಮಾಡುವುದು: ಮೊದಲ ಸ್ವರಕ್ಕೆ ಕೆಳಗೆ, ಎರಡನೆಯದಕ್ಕೆ ಎಡಗೈ ಬೆರಳು ತಂತಿಯನ್ನು ಪಕ್ಕಕ್ಕೆ ಮೀಟಿ ಬಿಡುವುದು, ಮೂರನೆಯದಕ್ಕೆ ಮೇಲೆ. ಪ್ರತಿ ತಂತಿಯೂ ಕೆಳಮುಖದಿಂದ ಶುರು, ಮೇಲ್ಮುಖದಿಂದ ಮುಕ್ತಾಯ. ಮೂರನೇ ಬಾರಿನ 16 ಸ್ವರಕ್ಕೆ 12 ಹೊಡೆತ ಸಾಕಾಯಿತು. ಪುಲ್-ಆಫ್ ಸ್ವರ ತುಸು ಮೆತ್ತಗೆ ಕೇಳುತ್ತದೆ. ಬೆರಳನ್ನು ಬರೀ ಎತ್ತಿದರೆ ಸ್ವರ ಸಾಯುತ್ತದೆ, ನೆಲದ ಕಡೆಗೆ ಸೆಳೆದೇ ಬಿಡಬೇಕು. ಹತ್ತನೇ ಸಾಲಿನಲ್ಲಿ ಕೂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. 'ಎಲ್ಲವನ್ನೂ ಪಿಕ್ ಮಾಡಿದರೇ ಗಿಟಾರಿಸ್ಟ್' ಎಂಬ ಹಟವನ್ನು ಬಿಡಲು ಮಾತ್ರ ಇವರಿಗೆ ಒಂದು ವಾರ ಹಿಡಿಯಿತು.

ಕಿವಿಯ ಸಮಸ್ಯೆಗೆ 8 ಇಂಚಿನ ಒಂದು ಪವರ್ಡ್ ಸ್ಪೀಕರನ್ನು ತಂಡದವರೇ ಒಯ್ಯತೊಡಗಿದರು. ಪ್ರೊಸೆಸರಿನ ಎಡ ಔಟ್‌ಪುಟ್ ಮಿಕ್ಸರಿಗೆ, ಬಲದ್ದು ನಾಲ್ಕು ಚಾನೆಲಿನ ಪುಟ್ಟ ಮಿಕ್ಸರಿನ ಮೂಲಕ ಈ ಸ್ಪೀಕರಿಗೆ; ಅದೇ ಪುಟ್ಟ ಮಿಕ್ಸರಿಗೆ ರಿದಮ್ ಪ್ಯಾಡಿನಿಂದಲೂ ಒಂದು ವೈರು. ಸ್ಪೀಕರ್ ಕಾಲ ಬುಡದಲ್ಲಿ ಅಲ್ಲ, ಕುರ್ಚಿಯ ಮೇಲೆ, ಕಿವಿಯತ್ತ ವಾಲಿಸಿ, ಒಂದು ಮೀಟರ್ ದೂರದಲ್ಲಿ. ಆಗ ಸದ್ದು 3 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ, ಗೋಡೆಯ ಪ್ರತಿಧ್ವನಿಯನ್ನು ಮುಚ್ಚುತ್ತದೆ. ಹೀಗೆ ಎಡ-ಬಲ ಬಿಡಿಸುವಾಗ ಪ್ಯಾಚನ್ನು ಮೋನೊ (ಎರಡೂ ಕಡೆ ಒಂದೇ ಸದ್ದು) ಮಾಡಬೇಕು. ಇಲ್ಲದಿದ್ದರೆ ಅತ್ತಿತ್ತ ಓಡಾಡುವ ಸ್ಟೀರಿಯೊ ಡಿಲೇಯ ಒಂದು ಪಾಲು ಮಾತ್ರ ಜನರಿಗೆ ಹೋಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಸಾಲದೇ ಎಂದು ಯಾರೋ ಕೇಳಿದ್ದರು. ಬೇಡವೇ ಬೇಡ, ಅದರ ತಡ ಕಾಂಪ್ಲೆಕ್ಸ್ ಗೋಡೆಯಷ್ಟೇ ಇರುತ್ತದೆ.

ಪ್ಯಾಚಿನಲ್ಲಿ ಗೇನ್ ಮೂರನೇ ಒಂದು ಭಾಗ ಇಳಿಯಿತು, ಈ ಬಿಟ್ಟಿಗೆ ಡಿಲೇ ಪೂರ್ತಿ ಬಂದ್, ಮಿಡ್ (ತಗ್ಗೂ ಅಲ್ಲದ ತಾರವೂ ಅಲ್ಲದ ನಡುವಿನ ಸದ್ದು) ಏರಿತು. ಕೀಬೋರ್ಡ್‌ನವರು ಆ ನಾಲ್ಕು ಬಾರಿನಲ್ಲಿ ಸ್ಟ್ರಿಂಗ್ಸ್ (ಪಿಟೀಲುಗಳ ಗುಂಪಿನ ಸದ್ದು) ಕೈಬಿಟ್ಟರು. ಈ ಕೊನೆಯದೊಂದೇ ಉಳಿದೆಲ್ಲ ನಾಬ್ ತಿರುಗಿಸಿದ್ದಕ್ಕಿಂತ ಹೆಚ್ಚು ಜಾಗ ಮಾಡಿಕೊಟ್ಟಿತು.

ಸಾಧನೆಯ ಕ್ರಮವೂ ಬದಲಾಯಿತು. ಐದೈದು ಸ್ವರದ ತುಣುಕು: ಒಂದು ಬೀಟಿನ ನಾಲ್ಕು ಸ್ವರ ಮತ್ತು ಮುಂದಿನ ಬೀಟಿನ ಮೊದಲ ಸ್ವರ. 160ಕ್ಕೆ ಒಮ್ಮೆ ನುಡಿಸಿ ಎರಡು ಬೀಟ್ ಕೈ ಸಡಿಲ ಬಿಡುವುದು. ತಪ್ಪದೆ ಬಂದರೆ ಒಂಬತ್ತು ಸ್ವರ, ಆಮೇಲೆ ಒಂದು ಬಾರ್. ನಾಲ್ಕನೇ ಬಾರಿನಿಂದ ಶುರುಮಾಡಿ ಹಿಂದಕ್ಕೆ ಬರುವುದು, ಏಕೆಂದರೆ ಎಲ್ಲರಿಗೂ ಮೊದಲ ಬಾರ್ ಅತಿಯಾಗಿ ಗಟ್ಟಿಯಾಗಿರುತ್ತದೆ, ಕೊನೆಯದು ಹಸಿಯಾಗಿರುತ್ತದೆ. ಇದೆಲ್ಲ ದಿನಕ್ಕೆ 25 ನಿಮಿಷ ಮೀರಲಿಲ್ಲ. ಜೊತೆಗೆ ಬೆಳಗ್ಗೆ ಎದ್ದು, ಕೈ ಬಿಸಿಮಾಡದೆ, ಮಹಡಿ ಮೆಟ್ಟಿಲು ಎರಡು ಸಲ ಹತ್ತಿಳಿದು, ಏದುಸಿರಿನಲ್ಲೇ ನಿಂತು ಒಂದೇ ಸಲ ಬಿಟ್ ರೆಕಾರ್ಡ್ ಮಾಡುವುದು. ಎರಡನೇ ಅವಕಾಶ ಇಲ್ಲ. ಬಂತು ಅಥವಾ ಇಲ್ಲ ಎಂದಷ್ಟೇ ನೋಟ್‌ಬುಕ್ಕಿನಲ್ಲಿ ಗುರುತು. ಮೊದಲ ಹತ್ತು ದಿನದಲ್ಲಿ ಬಂದದ್ದು ಮೂರು. ಪುಲ್-ಆಫ್ ಸೇರಿದ ಮೇಲೆ, ಐದನೇ ವಾರದ ಹೊತ್ತಿಗೆ, ಹತ್ತಕ್ಕೆ ಎಂಟು.

ಕೊನೆಯ ನಿರ್ಧಾರ ಒಂದು ಗಿಡ್ಡ ಆವೃತ್ತಿ. ಮೂರು ಮತ್ತು ನಾಲ್ಕನೇ ಬಾರಿನಲ್ಲಿ ಬೀಟಿಗೆ ಎರಡೇ ಸ್ವರ. 64ರ ಬದಲು 48. ಯಾವುದನ್ನು ನುಡಿಸುವುದು ಎಂಬ ತೀರ್ಮಾನ ಬಿಟ್ಟಿನೊಳಗೆ ಆಗಕೂಡದು, ಅಲ್ಲಿ ಯೋಚಿಸಲು ಜಾಗ ಇಲ್ಲ. ಪಲ್ಲವಿ ಮರಳಿ ಬರುವಾಗಲೇ ಪ್ರೊಸೆಸರಿನ ಟ್ಯಾಪ್ ಟೆಂಪೊ ದೀಪವನ್ನು 154ಕ್ಕೆ ಮಿನುಗಲು ಬಿಟ್ಟು, ಹಾಡು ದೀಪವನ್ನು ಹಿಂದೆ ಹಾಕುತ್ತಿದ್ದರೆ ಗಿಡ್ಡದ್ದು ಎಂದು ನಿಶ್ಚಯ. ನಡುವೆ ಏನೇ ತಪ್ಪಿದರೂ ಉಳಿದ ಸ್ವರಗಳ ಹಿಂದೆ ಓಡದೆ, ಐದನೇ ಬಾರಿನ ಮೊದಲ ಬೀಟಿಗೆ ಗಾಯಕಿಯ ಸ್ವರ ಒಂದನ್ನು ಮಾತ್ರ ಸರಿಯಾಗಿ ಕೊಡುವುದು.

ಆಮೇಲೆ ನಡೆದದ್ದು

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹಾಡು ಮತ್ತೆ ಓಡಿತು, ಗಿಡ್ಡ ಆವೃತ್ತಿ ನುಡಿಸಿದರು. ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. 16 ಸ್ವರ ಕಡಿಮೆಯಾದದ್ದನ್ನು ಗಮನಿಸಿದವರು ತಂಡದ ಬೇಸ್‌ನವರು ಒಬ್ಬರೇ. ಮೊದಲ ಸಲದ ಅರ್ಧ ಬೀಟನ್ನು ಮಾತ್ರ ಪೆಂಡಾಲಿಗೆ ಪೆಂಡಾಲೇ ಗಮನಿಸಿತ್ತು.

ಡಿಸೆಂಬರಿನ ಕಾರ್ಯಕ್ರಮ ಚಿಕ್ಕಮಗಳೂರಿನ ಹತ್ತಿರ, ತೆರೆದ ಮೈದಾನ. ಸಂಜೆ ಆರಕ್ಕೆ ಶ್ರುತಿ ಮಾಡಿ ಗಿಟಾರ್ ಸ್ಟ್ಯಾಂಡಿಗೆ ಇಟ್ಟರು. ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಅಧ್ಯಕ್ಷರ ಭಾಷಣ ಮುಗಿಯುವಾಗ ಎಂಟೂ ಮುಕ್ಕಾಲು. ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಹಾಗಾಗಿ ಮತ್ತೆ ಸೌಂಡ್ ಚೆಕ್ ಇಲ್ಲ. ಅಷ್ಟರಲ್ಲಿ ಇಬ್ಬನಿ ಇಳಿದು ತಂತಿಗಳು ತಣ್ಣಗಾಗಿ ಕುಗ್ಗಿ, ಶ್ರುತಿ ಮೇಲೇರಿತ್ತು. ಬೆರಳು ಮರದ ತುಂಡಾಗಿದ್ದವು. ಚಳಿಗೆಂದು ಕುಡಿದ ಮೂರು ಲೋಟ ಸ್ಟ್ರಾಂಗ್ ಕಾಫಿಯಿಂದ ಕೈ ಬಿಸಿಯಾಗುವ ಬದಲು ನಡುಗತೊಡಗಿತ್ತು. ಕಾಫಿ ಸೀಮೆಯಲ್ಲಿ ಈ ಮಾತು ಹೇಳಬಾರದೇನೋ. ಪಟ್ಟಿಯಲ್ಲಿ ಈ ಹಾಡು ಎರಡನೆಯದು. ಪೂರ್ತಿ ಆವೃತ್ತಿ ಹಿಡಿದರು, ನಾಲ್ಕನೇ ಬಾರಿನಲ್ಲಿ ಎರಡು ಸ್ವರ ಸತ್ತವು, ಆದರೆ ಕೊನೆಯ ಸ್ವರ ಬೀಟಿಗೇ ಬಿತ್ತು, ಚರಣ ನೆಟ್ಟಗೆ ಎದ್ದಿತು.

ಆ ರಾತ್ರಿಯಿಂದ ಸೇರಿದ ಪದ್ಧತಿಗಳು: ಫ್ಲಾಸ್ಕಿನಲ್ಲಿ ಬಿಸಿನೀರು, ಕುಡಿಯುವುದಕ್ಕಲ್ಲ, ಲೋಟ ಅಂಗೈಯಲ್ಲಿ ಹಿಡಿಯುವುದಕ್ಕೆ, ಉಣ್ಣೆಯ ಕೈಗವಸು, ಸ್ಟೇಜ್ ಹತ್ತುವ ಮುನ್ನ ಹತ್ತು ನಿಮಿಷ ವಾಲ್ಯೂಮ್ ಇಲ್ಲದೆ ನಿಧಾನವಾಗಿ ಕೈ ಆಡಿಸುವುದು, ಗಿಟಾರನ್ನು ಅರ್ಧ ಗಂಟೆ ಮೊದಲೇ ಚಳಿಗೆ ಬಿಟ್ಟು, ಶ್ರುತಿಯನ್ನು ಕಡೇ ಗಳಿಗೆಯಲ್ಲಿ ಮಾಡುವುದು. ಈ ಹಾಡು ಪಟ್ಟಿಯಲ್ಲಿ ಐದನೆಯದಾಯಿತು.

ಜನವರಿಯಲ್ಲಿ ಇನ್ನೊಂದು ಪರೀಕ್ಷೆ. ಹಾಡಿಗೆ ಅರ್ಧ ನಿಮಿಷ ಮುಂಚೆ ಗಾಯಕಿ ಕೀಬೋರ್ಡ್‌ನವರತ್ತ ಬಾಗಿ, "ಅಣ್ಣಾ, ಗಂಟಲು ಕಟ್ಟಿದೆ, ಅರ್ಧ ಸ್ಕೇಲ್ ಇಳಿಸಿಬಿಡಿ" ಅಂದರು. ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಬಟನ್ ಇದೆ, ಒತ್ತಿದರೆ ಮುಗಿಯಿತು. ಗಿಟಾರಿಗೆ ಇಡೀ ಕೈ ಒಂದು ಫ್ರೆಟ್ ಕೆಳಗೆ ಸರಿಯಬೇಕು. ಬಿಟ್ಟಿನಲ್ಲಿ ಬೆರಳು ಒತ್ತದೆ ನುಡಿಸುವ ತೆರೆದ ತಂತಿ ಇದ್ದರೆ ಅದು ಅಪಸ್ವರವಾಗುತ್ತದೆ. ನಾಲ್ಕನೇ ಬಾರಿನಲ್ಲಿ ಮೊದಲು ಇದ್ದ ತೆರೆದ ಒಂದನೇ ತಂತಿಯ ಸ್ವರವನ್ನು ದುರಸ್ತಿಯ ವೇಳೆಗೇ ತೆಗೆದುಹಾಕಿದ್ದರು, ಬೇರೆ ಕಾರಣಕ್ಕೆ. ಅದು ಇಲ್ಲಿ ಉಳಿಸಿತು. 11ನೇ ಫ್ರೆಟ್ಟಿನಲ್ಲಿ ಮನೆಗಳು ಒಂದು ಮಿಲಿಮೀಟರಿನಷ್ಟು ಹೆಚ್ಚು ಅಗಲ, ಕೈಗೆ ಗೊತ್ತಾಗುವಷ್ಟಲ್ಲ. 64ಕ್ಕೆ 64 ಬಂದವು.

64ನ್ನೂ ಪಿಕ್‌ನಿಂದಲೇ ಹೊಡೆಯುವ ಹಳೆಯ ಆವೃತ್ತಿಯನ್ನು ಅವರು ಬಿಟ್ಟಿಲ್ಲ. ಬೆಳಗಿನ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪ್ರತ್ಯೇಕ ಕಾಲಂ ಇದೆ. ಸದ್ಯ ಹತ್ತಕ್ಕೆ ನಾಲ್ಕು.